ಎಸಿ ಕೆಲಸದ ಗಾಡಿಗಳನ್ನೆಲ್ಲ ಈಗಲೇ ಎಲೆಕ್ಟ್ರಿಕ್ ಮಾಡಬೇಕಾ?

ಪ್ರಶ್ನೆ: ಸರ್, ಹುಬ್ಬಳ್ಳಿ ಗೋಕುಲ ರಸ್ತೆದಾಗ ನಂದು ಎಸಿ ಮತ್ತ ಕೋಲ್ಡ್ ರೂಮ್ ಕಾಂಟ್ರ್ಯಾಕ್ಟ್ ಕೆಲಸ. ಹನ್ನೊಂದು ಮಂದಿ ಹುಡುಗರು, ನಾಲ್ಕು ಡೀಸೆಲ್ ಗೂಡ್ಸ್ ಗಾಡಿ, ಆರು ಬೈಕ್ ಅದಾವ. ಇನ್ನೆರಡು ವರ್ಷದಾಗ ಕಾಂಟ್ರ್ಯಾಕ್ಟರ್‌ಗಳ ಗಾಡಿ ಎಲ್ಲಾ ಎಲೆಕ್ಟ್ರಿಕ್ ಇರಬೇಕು, ಅಮೆರಿಕಾದಾಗ ಎಸಿ ಕಂಪನಿಗಳಿಗೆ ಈ ಕಾಯ್ದೆ ಬಂದೇ ಬಿಟ್ಟೈತಿ ಅಂತ ವಾಟ್ಸಾಪ್‌ನಾಗ ಓಡಾಡ್ತಾ ಐತಿ. ಶೋರೂಮಿನವರು ಡೀಸೆಲ್ ಗಾಡಿಗೆ ಮುಂದ ಎಫ್‌ಸಿ (ಗಾಡಿ ಓಡಿಸಾಕ ಯೋಗ್ಯ ಅನ್ನೂ ಸರ್ಟಿಫಿಕೇಟ್) ಸಿಗೂದಿಲ್ಲ ಅಂತಾರ. ಅದರ ಮ್ಯಾಲೆ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿ ಎಎಂಸಿ (ವರ್ಷದ ನಿರ್ವಹಣೆ ಕಾಂಟ್ರ್ಯಾಕ್ಟ್) ರಿನೀವಲ್ ಜೋಡಿ ಒಂದು ಫಾರ್ಮ್ ಕಳಿಸೇತಿ. ‘ನಿಮ್ಮಲ್ಲಿ ಎಷ್ಟು ಎಲೆಕ್ಟ್ರಿಕ್ ವಾಹನಗಳಿವೆ’ ಅಂತ ಅದರಾಗ ಕಾಲಂ ಐತಿ. ನಾಲ್ಕೂ ಗಾಡಿ ಮಾರಿ ಹೊಸಾವು ತಗೋಬೇಕೇನು? (ಹೆಸರು ಬೇಡ ಎಂದಿರುವ ಓದುಗರು, ಹುಬ್ಬಳ್ಳಿ)

ಉತ್ತರ: ಮಾರಬೇಡಿ. ಒಂದನ್ನು ಬದಲಿಸುವ ಯೋಚನೆ ಮಾಡಬಹುದು, ಅದು ಯಾವುದು ಅಂತ ಕೆಳಗೆ ಹೇಳುತ್ತೇನೆ. ನಾಲ್ಕು ಗಾಡಿಯ ಎಸಿ ಕಾಂಟ್ರ್ಯಾಕ್ಟರ್ ಎಲೆಕ್ಟ್ರಿಕ್ ಗಾಡಿಯನ್ನೇ ಇಟ್ಟುಕೊಳ್ಳಬೇಕು ಎನ್ನುವ ಕಾಯ್ದೆ ಕರ್ನಾಟಕದಲ್ಲಿ ಇಲ್ಲ. ನಿಮಗೆ ನಿಜವಾಗಿ ಸಂಬಂಧಪಟ್ಟದ್ದು ಆ ವಾಟ್ಸಾಪ್ ಮೆಸೇಜ್ ಅಲ್ಲ, ಬೇಲೂರಿನ ಫಾರ್ಮು. ಆದರೆ ಮೊದಲು ಮೆಸೇಜ್‌ನ ಹೆದರಿಕೆ ಬಿಡಿಸೋಣ.

ಅಮೆರಿಕದ ಸುದ್ದಿ ಪೂರ್ತಿ ಸುಳ್ಳಲ್ಲ, ಹಳಸಿದ್ದು. ಕ್ಯಾಲಿಫೋರ್ನಿಯಾ ರಾಜ್ಯದ ವಾಯು ಮಂಡಳಿ 2023ರ ಏಪ್ರಿಲ್‌ನಲ್ಲಿ ‘ಅಡ್ವಾನ್ಸ್‌ಡ್ ಕ್ಲೀನ್ ಫ್ಲೀಟ್ಸ್’ ಎಂಬ ನಿಯಮ ತಂದಿತು. 50 ಅಥವಾ ಅದಕ್ಕಿಂತ ಹೆಚ್ಚು ಗಾಡಿ ಇರುವ, ಇಲ್ಲವೇ ವರ್ಷಕ್ಕೆ 5 ಕೋಟಿ ಡಾಲರ್ ವಹಿವಾಟು ದಾಟುವ ಕಂಪನಿಗಳು ತಮ್ಮ ದೊಡ್ಡ ವ್ಯಾನ್, ಟ್ರಕ್‌ಗಳನ್ನು ಹಂತ ಹಂತವಾಗಿ ಎಲೆಕ್ಟ್ರಿಕ್‌ಗೆ ಬದಲಿಸಬೇಕಿತ್ತು. ಗಾಡಿಯ ಒಟ್ಟು ತೂಕ 8,500 ಪೌಂಡ್, ಅಂದರೆ ಸುಮಾರು 3,850 ಕಿಲೋ ಮೀರಿದರೆ ಮಾತ್ರ ಲೆಕ್ಕಕ್ಕೆ. ಅಲ್ಲಿ ಹೀಟಿಂಗ್, ಕೂಲಿಂಗ್ ಎರಡೂ ಒಂದೇ ಕಂಪನಿಯ ಕೆಲಸ. ಫರ್ನೇಸ್, ಡಕ್ಟ್, ಏಣಿ, ಸಿಲಿಂಡರ್ ಎಲ್ಲವನ್ನೂ ಒಂದೇ ವ್ಯಾನ್‌ನಲ್ಲಿ ತುಂಬಿಕೊಂಡು ಓಡಾಡುತ್ತಾರೆ. ಹಾಗಾಗಿ ಅವರಿಗೆ ಇದು ನೇರವಾಗಿ ತಟ್ಟುವ ಮಾತಾಗಿತ್ತು. ಆದರೆ ಜಾರಿಗೆ ಕೇಂದ್ರದ ಒಪ್ಪಿಗೆ ಬೇಕಿತ್ತು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಆ ಅರ್ಜಿಯನ್ನೇ ವಾಪಸ್ ತೆಗೆದುಕೊಂಡಿತು. ಖಾಸಗಿ ಕಂಪನಿಗಳ ಮೇಲಿನ ಕಡ್ಡಾಯ ಅಲ್ಲಿಗೇ ನಿಂತಿತು. ಅಲ್ಲೇ ನಿಂತುಹೋದ ನಿಯಮ ನಮ್ಮೂರ ಗ್ರೂಪ್‌ಗಳಲ್ಲಿ ಇನ್ನೂ ಓಡುತ್ತಿದೆ.

ನಮ್ಮ ದೇಶದಲ್ಲಿ ಇಂಥ ಕಡ್ಡಾಯ ಇರುವುದು ದೆಹಲಿಯಲ್ಲಿ. 2023ರ ನವೆಂಬರ್‌ನಲ್ಲಿ ದೆಹಲಿ ಸರ್ಕಾರ ಒಂದು ಯೋಜನೆ ಹೊರಡಿಸಿತು. 25ಕ್ಕಿಂತ ಕಡಿಮೆ ಇಲ್ಲದಷ್ಟು ಗಾಡಿ ಓಡಿಸುವ ಟ್ಯಾಕ್ಸಿ ಆ್ಯಪ್, ಡೆಲಿವರಿ, ಇ-ಕಾಮರ್ಸ್ ಕಂಪನಿಗಳು 2030ರ ಏಪ್ರಿಲ್ 1ರೊಳಗೆ ಪೂರ್ತಿ ಎಲೆಕ್ಟ್ರಿಕ್ ಆಗಬೇಕು. ಇದೇ ಬಗೆಯ ಕಂಪನಿಗಳು 2026ರ ಜನವರಿ 1ರಿಂದ ಹೊಸದಾಗಿ ಪೆಟ್ರೋಲ್, ಡೀಸೆಲ್‌ನ ಸಣ್ಣ ಸರಕು ಗಾಡಿ ಸೇರಿಸಿಕೊಳ್ಳಬಾರದು ಅಂತ ದೆಹಲಿ ಸುತ್ತಲಿನ ವಾಯು ಗುಣಮಟ್ಟ ಆಯೋಗವೂ ಹೇಳಿದೆ. ಈ ಎರಡರಲ್ಲೂ ರಿಪೇರಿ ಕಾಂಟ್ರ್ಯಾಕ್ಟರ್‌ಗಳ ಹೆಸರಿಲ್ಲ, ಹುಬ್ಬಳ್ಳಿಯ ಹೆಸರಂತೂ ಇಲ್ಲವೇ ಇಲ್ಲ.

ಶೋರೂಮಿನವರ ಎಫ್‌ಸಿ ಮಾತೂ ದೆಹಲಿಯಿಂದಲೇ ಬಂದದ್ದು ಅನಿಸುತ್ತದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎನ್ನುವ ಗಡಿ ಅಲ್ಲಿಯದು. ನಮ್ಮಲ್ಲಿ ಗೂಡ್ಸ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ. ಗಾಡಿ ಪಾಸಾದರೆ ಓಡುತ್ತದೆ. ಹಳೆಯದಾದಂತೆ ಫೀಸು ಏರುತ್ತದೆ, ನಿಜ. 15 ವರ್ಷ ಮುಗಿದ ಮೇಲೆ ನೋಂದಣಿಯೇ ನವೀಕರಿಸುವುದಿಲ್ಲ ಎನ್ನುವ ನಿಯಮ 2023ರ ಏಪ್ರಿಲ್ 1ರಿಂದ ಇರುವುದು ಸರ್ಕಾರದ ಸ್ವಂತ ಗಾಡಿಗಳಿಗೆ. ಮಾರುವವರು ಇದನ್ನೆಲ್ಲ ಕಲಸಿ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ತಿಂಗಳ ಟಾರ್ಗೆಟ್ ಇರುತ್ತದಲ್ವಾ, ಪಾಪ.

ಈಗ ಫಾರ್ಮಿನ ವಿಷಯ.

ಷೇರುಪೇಟೆಯ ದೊಡ್ಡ 1000 ಕಂಪನಿಗಳು ಪರಿಸರದ ಬಗ್ಗೆ ವರ್ಷಕ್ಕೊಂದು ವರದಿ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅದರಲ್ಲೂ ಮೊದಲ 250 ಕಂಪನಿಗಳಿಗೆ, ತಮಗೆ ಮಾಲು ಮತ್ತು ಸೇವೆ ಕೊಡುವವರ ಲೆಕ್ಕವನ್ನೂ ಸೇರಿಸುವ ದಾರಿ ತೋರಿಸಿದೆ. ಆದರೆ ಆ ಕಂಪನಿಯ ಒಟ್ಟು ಖರೀದಿಯಲ್ಲಿ ಶೇ 2 ಅಥವಾ ಹೆಚ್ಚು ಪಾಲಿರುವವರದ್ದು ಮಾತ್ರ. ನಿಮ್ಮ ಎಎಂಸಿ ಬಿಲ್ ಅಷ್ಟು ದೊಡ್ಡದಿರಲಾರದು. ಇದ್ದರೆ ನೀವು ನನ್ನನ್ನು ಕೇಳುತ್ತಿರಲಿಲ್ಲ! ಆದರೂ ಫಾರ್ಮ್ ಬರುತ್ತದೆ. ಬೆಂಗಳೂರಿನದೋ ಮುಂಬೈನದೋ ಹೆಡ್ ಆಫೀಸು ಎಲ್ಲ ವೆಂಡರ್‌ಗಳಿಗೂ ಒಂದೇ ಕಾಗದ ಕಳಿಸಿಬಿಡುತ್ತದೆ. ಇಲ್ಲಿನ ಪರ್ಚೇಸ್ ಆಫೀಸರ್‌ಗೆ ಅದು ತುಂಬಿ ಬಂದರೆ ಸಾಕು. ‘ಎಲೆಕ್ಟ್ರಿಕ್ ಗಾಡಿ: ಸೊನ್ನೆ’ ಅಂತ ಬರೆದರೆ ಎಎಂಸಿ ಹೋಗುತ್ತದೆ ಅನ್ನುವ ಭಯ ಬೇಡ. ಸುಳ್ಳು ಮಾತ್ರ ಬರೆಯಬೇಡಿ. ಗೇಟಿನಲ್ಲಿ ನಿಮ್ಮ ಗಾಡಿ ನಂಬರ್ ದಿನವೂ ರಿಜಿಸ್ಟರ್‌ಗೆ ಹೋಗುತ್ತದೆ. ಎಲೆಕ್ಟ್ರಿಕ್ ಗಾಡಿಯ ಹಸಿರು ನಂಬರ್ ಪ್ಲೇಟ್ ದೂರದಿಂದಲೇ ಕಾಣುತ್ತದೆ.

ಆ ಫಾರ್ಮ್‌ನಲ್ಲಿ ಗಾಡಿಯ ಕಾಲಂ ಬಿಟ್ಟು ಇನ್ನೊಂದು ಕಾಲಂ ಇರಬೇಕು, ನೋಡಿ. ಎಸಿಯನ್ನು ತಂಪು ಮಾಡುವ ಗ್ಯಾಸ್ ಎಷ್ಟು ತುಂಬಿದಿರಿ, ಎಷ್ಟು ವಾಪಸ್ ಹಿಡಿದಿರಿ ಅಂತ. ನಮ್ಮ ಜನ ಅದನ್ನು ಖಾಲಿ ಬಿಡುತ್ತಾರೆ. ನನ್ನ ಕೇಳಿದರೆ ನಿಮ್ಮ ಧಂದೆಯಲ್ಲಿ ತೂಕದ ಕಾಲಂ ಅಂದರೆ ಅದೇ.

ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಕಿಲೋ ಆರ್-410ಎ ಗ್ಯಾಸ್ ಗಾಳಿಗೆ ಬಿಟ್ಟರೆ? 2,088 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅಂದರೆ ಹತ್ತಿರ ಹತ್ತಿರ 780 ಲೀಟರ್ ಡೀಸೆಲ್. ಲೀಟರಿಗೆ 18 ಕಿಲೋಮೀಟರ್ ಕೊಡುವ ನಿಮ್ಮ ಗಾಡಿ ಅಷ್ಟು ಡೀಸೆಲ್‌ನಲ್ಲಿ 14,000 ಕಿಲೋಮೀಟರ್ ಓಡುತ್ತದೆ. ಹುಬ್ಬಳ್ಳಿ-ಧಾರವಾಡ ಮುನ್ನೂರು ಸಲ ಹೋಗಿ ಬಂದಷ್ಟು. ಆರ್-22 ಆದರೆ ಕಿಲೋಗೆ 1,810. ಈಗಿನ ಸ್ಪ್ಲಿಟ್ ಎಸಿಗಳ ಆರ್-32 ಸ್ವಲ್ಪ ಮೆದು, 675. ಅದೂ 250 ಲೀಟರ್ ಡೀಸೆಲ್‌ಗೆ ಸಮ.

ಇನ್ನು ನಮ್ಮ ಹುಡುಗರು ಹೇಗೆ ಕೆಲಸ ಮಾಡುತ್ತಾರೆ, ನಿಮಗೇ ಗೊತ್ತು. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ವಿದ್ಯಾನಗರದ ಯಾವುದೋ ಮೂರನೇ ಮಹಡಿಯ ತಾರಸಿ. ಔಟ್‌ಡೋರ್‌ನ ಕಂಪ್ರೆಸರ್ ಹೋಗಿದೆ, ಪಂಪ್ ಡೌನ್ (ಗ್ಯಾಸನ್ನು ಔಟ್‌ಡೋರ್‌ನೊಳಗೇ ಎಳೆದು ಮುಚ್ಚುವುದು) ಆಗುವುದಿಲ್ಲ. ಗ್ಯಾಸನ್ನು ಸಿಲಿಂಡರ್‌ಗೆ ವಾಪಸ್ ಹಿಡಿಯುವ ರಿಕವರಿ ಮಷೀನ್ ಗೋದಾಮಿನಲ್ಲಿ ಧೂಳು ತಿನ್ನುತ್ತಿದೆ. ಹುಡುಗ ಪೈಪಿನ ಫ್ಲೇರ್ ನಟ್ ಸಡಿಲ ಮಾಡಿ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಾನೆ. ಐದು ನಿಮಿಷ ‘ಸುಸ್ಸ್’ ಅನ್ನುವ ಸದ್ದು. ಆಮೇಲೆ ನಟ್ ಸುತ್ತ ಬಿಳಿ ಹಿಮ. ಒಂದು ಹಳೆಯ ಎಸಿ, ಒಂದು ಕಿಲೋ ಗ್ಯಾಸ್, ನಿಮ್ಮ ಗಾಡಿಯ ಸುಮಾರು ಏಳೆಂಟು ತಿಂಗಳ ಹೊಗೆ ಐದು ನಿಮಿಷದಲ್ಲಿ. ಕೆಳಗೆ ನಿಂತ ಗಾಡಿ ಎಲೆಕ್ಟ್ರಿಕ್ ಆಗಿದ್ದರೆ ಏನು ಪ್ರಯೋಜನ ಹೇಳಿ.

ಅದಕ್ಕೇ ಹೇಳುತ್ತೇನೆ: ಈ ಬೇಸಿಗೆಗೆ ದುಡ್ಡು ಹಾಕುವುದಿದ್ದರೆ ಮೊದಲು ರಿಕವರಿ ಮಷೀನ್‌ಗೆ ಹಾಕಿ. ಇದ್ದದ್ದು ಹಳೆಯದಾಗಿದ್ದರೆ ಆರ್-32ಕ್ಕೆ ಹೊಂದುವಂಥದ್ದು ತಗೊಳ್ಳಿ. ಆರ್-32 ಅಲ್ಪಸ್ವಲ್ಪ ಬೆಂಕಿ ಹಿಡಿಯುವ ಗ್ಯಾಸ್, ಕಿಡಿ ಹಾರುವ ಹಳೆಯ ಮಷೀನ್ ಅದಕ್ಕೆ ನಡೆಯುವುದಿಲ್ಲ. ಜೊತೆಗೆ ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್. ಪ್ರತಿ ಕೆಲಸಕ್ಕೂ ಸಿಲಿಂಡರ್‌ನ ತೂಕ ಮೊದಲು ಎಷ್ಟು, ಆಮೇಲೆ ಎಷ್ಟು ಅಂತ ಬರೆಯಲಿ. ಮೂರು ತಿಂಗಳ ಪುಟದ ಜೆರಾಕ್ಸ್ ಆ ಫಾರ್ಮ್ ಜೊತೆ ಇಡಿ. ಎಲೆಕ್ಟ್ರಿಕ್ ಗಾಡಿ ಸೊನ್ನೆ ಇದ್ದರೂ ಈ ಪುಟ ನೋಡಿದ ಕಂಪನಿಯ ಸೇಫ್ಟಿ ಆಫೀಸರ್ ನಿಮ್ಮನ್ನು ಬಿಟ್ಟುಕೊಡುವುದಿಲ್ಲ. ಬೇರೆ ಯಾವ ವೆಂಡರೂ ಅದನ್ನು ಕೊಟ್ಟಿರುವುದಿಲ್ಲ.

ಸರಿ, ಗಾಡಿಗೆ ಬರೋಣ. ಯಾವುದನ್ನು ಬದಲಿಸಬಹುದು ಅನ್ನುವುದು ನೀವು ಪತ್ರದಲ್ಲಿ ಬರೆಯದ ಒಂದು ವಿಷಯದ ಮೇಲೆ ನಿಂತಿದೆ. ನಾಲ್ಕು ಗಾಡಿಯಲ್ಲಿ ಯಾವುದು ದಿನಕ್ಕೆ ಎಷ್ಟು ಓಡುತ್ತದೆ? ಒಂದು ತಿಂಗಳು ಮೀಟರ್ ಬರೆದಿಡಿ. ನಿಮ್ಮಂಥವರ ಕೆಲಸ ನೋಡಿದ್ದೇನೆ, ಊಹೆಯಿಂದ ಹೇಳುತ್ತೇನೆ. ಒಂದು ಗಾಡಿ ಊರೊಳಗೆ ಸುತ್ತುತ್ತದೆ: ಕೇಶ್ವಾಪುರ, ವಿದ್ಯಾನಗರ, ನವನಗರ, ಮಧ್ಯೆ ಒಮ್ಮೆ ಧಾರವಾಡ. ಇನ್ನೊಂದು ಬೇಲೂರು, ತಾರಿಹಾಳ ಅಂತ ಫ್ಯಾಕ್ಟರಿ ಕಡೆ. ಮೂರನೆಯದು ಗದಗ, ಹಾವೇರಿ, ಬ್ಯಾಡಗಿ ಲೈನು. ನಾಲ್ಕನೆಯದು ಡಕ್ಟ್ ಶೀಟ್ ಹೇರುವಾಗ ಮಾತ್ರ ಹೊರಬರುವ ಮುದಿ ಗಾಡಿ.

ಎಲೆಕ್ಟ್ರಿಕ್‌ಗೆ ಹೇಳಿ ಮಾಡಿಸಿದ್ದು ಮೊದಲನೆಯದು. ದಿನಕ್ಕೆ 70 ಕಿಲೋಮೀಟರ್, 26 ದಿನ ಅಂತ ಇಟ್ಟುಕೊಳ್ಳಿ. ಡೀಸೆಲ್ ಲೀಟರಿಗೆ ₹91, ಮೈಲೇಜ್ 18 ಅಂದರೆ ಕಿಲೋಮೀಟರಿಗೆ ₹5ರ ಮೇಲೆ. ಎಲೆಕ್ಟ್ರಿಕ್ ಸಣ್ಣ ಗಾಡಿ ಲೋಡ್ ಇದ್ದಾಗ ಕಿಲೋಮೀಟರಿಗೆ ಸುಮಾರು 0.2 ಯೂನಿಟ್ ತಿನ್ನುತ್ತದೆ. ಚಾರ್ಜಿಂಗ್‌ನಲ್ಲಿ ಸೋರಿಹೋಗುವುದು ಸೇರಿ 0.23 ಹಿಡಿಯಿರಿ. ಯೂನಿಟ್‌ಗೆ ₹8 ಅಂದರೂ ₹1.85 ಆಗುತ್ತದೆ. ಕಿಲೋಮೀಟರಿಗೆ ₹3.20 ಉಳಿತಾಯ. ತಿಂಗಳಿಗೆ ₹5,800ರ ಹತ್ತಿರ, ವರ್ಷಕ್ಕೆ ಸುಮಾರು ₹70,000. ಎರಡು ಕೊಟೇಶನ್ ನಡುವೆ ಎರಡೂವರೆ ಲಕ್ಷ ವ್ಯತ್ಯಾಸ ಬಂತು ಅಂದುಕೊಂಡರೆ ಮೂರೂವರೆ ವರ್ಷದಲ್ಲಿ ಹುಟ್ಟಿತು. ಅದೇ ಗಾಡಿ ದಿನಕ್ಕೆ 30 ಕಿಲೋಮೀಟರ್ ಮಾತ್ರ ಓಡಿದರೆ? ಎಂಟು ವರ್ಷ ಬೇಕು. ಅಷ್ಟೊತ್ತಿಗೆ ಬ್ಯಾಟರಿ ವಾರಂಟಿ ಮುಗಿಯುವ ಹೊತ್ತು. ಹಾಗಾಗಿ ಮುದಿ ಗಾಡಿಯನ್ನು ‘ಹಳೆಯದು ಅಲ್ವಾ’ ಅಂತ ಮೊದಲು ಬದಲಿಸುವುದು ತಪ್ಪು ಲೆಕ್ಕ. ಅದು ನಿಂತೇ ಇರುವ ಗಾಡಿ. ನಿಂತ ಗಾಡಿ ಡೀಸೆಲ್ ಕುಡಿಯುವುದಿಲ್ಲ.

ಮೂರನೆಯ ಗಾಡಿಯನ್ನಂತೂ ಮುಟ್ಟಲೇಬೇಡಿ. ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ.

ನನ್ನ ಸಣ್ಣ ಎಲೆಕ್ಟ್ರಿಕ್ ಗಾಡಿ ಆಗ ಹೊಸದು. ಬ್ಯಾಟರಿ 21 ಯೂನಿಟ್‌ನದು. ಒಮ್ಮೆ ಚಾರ್ಜ್ ಮಾಡಿದರೆ 150 ಕಿಲೋಮೀಟರ್ ಮೇಲೆ ಓಡುತ್ತದೆ ಅಂತ ಕಂಪನಿಯ ಕಾಗದದಲ್ಲಿ ಬರೆದಿದ್ದರು. ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಿಂದ ಬೆಳಿಗ್ಗೆ ಏಳಕ್ಕೇ ಫೋನ್. ಒಂದು ಕಾಯಿಲ್, ದೊಡ್ಡ ನೈಟ್ರೋಜನ್ ಸಿಲಿಂಡರ್, ಬ್ರೇಝಿಂಗ್ ಸೆಟ್, ನಾವಿಬ್ಬರು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸಿದೆ. ಊರೊಳಗಾದರೆ ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿಗೆ ಸ್ವಲ್ಪ ವಾಪಸ್ ಬರುತ್ತದೆ, ಹೆದ್ದಾರಿಯಲ್ಲಿ ಬ್ರೇಕ್ ಎಲ್ಲಿ? ಶಿಗ್ಗಾವಿ ದಾಟುವಾಗಲೇ ಅರ್ಧದ ಹತ್ತಿರ ಇಳಿದಿತ್ತು. ಮೋಟೆಬೆನ್ನೂರಿನಲ್ಲಿ ತಿರುಗುವಾಗ ಮೀಟರ್ ನೋಡುವುದನ್ನೇ ಬಿಟ್ಟೆ. ತೊಂಬತ್ತು ಕಿಲೋಮೀಟರ್ ಮುಗಿಸಿ ಗೇಟಿನ ಒಳಗೆ ಹೋದಾಗ ಶೇ 11 ಉಳಿದಿತ್ತು.

ಅಲ್ಲಿ ಇದ್ದದ್ದು ಆಫೀಸ್ ಗೋಡೆಯ 15 ಆಂಪಿಯರ್ ಸಾಕೆಟ್ ಒಂದು. ಗಂಟೆಗೆ ಮೂರು ಯೂನಿಟ್ ಕೊಟ್ಟರೆ ಹೆಚ್ಚು. ಕೆಲಸ ಮೂರು ಗಂಟೆಯಲ್ಲಿ ಮುಗಿಯಿತು, ಗಾಡಿಯ ಹೊಟ್ಟೆ ತುಂಬಲಿಲ್ಲ. ಮಧ್ಯಾಹ್ನ ಎರಡು ತಾಸು ಕರೆಂಟೂ ಹೋಯಿತು. ಜನರೇಟರ್ ಇತ್ತು, ಆದರೆ ಅದು ಮೆಣಸಿನಕಾಯಿಗೆ, ನನ್ನ ಗಾಡಿಗಲ್ಲ. ಮ್ಯಾನೇಜರು ಒಳ್ಳೆಯ ಮನುಷ್ಯ. ಚೀಲದ ಅಟ್ಟಿಯ ಪಕ್ಕ ಕುರ್ಚಿ ಹಾಕಿಸಿದರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅನ್ನುವವರು ಆ ಚೀಲಗಳ ಪಕ್ಕ ಆರು ತಾಸು ಕೂತು ನೋಡಬೇಕು. ಸೀನಿ ಸೀನಿ ಸಾಕಾಯಿತು. ಸಂಜೆ ಏಳೂವರೆಗೆ ಹೊರಟು ಒಂಬತ್ತೂವರೆ ದಾಟಿ ಹುಬ್ಬಳ್ಳಿ ಸೇರಿದೆವು. ನಡುವೆ ಒಬ್ಬ ಐಸ್‌ಕ್ರೀಂ ಅಂಗಡಿಯವರ ಡೀಪ್ ಫ್ರೀಜರ್ ಕೆಟ್ಟು ನಾಲ್ಕು ಸಲ ಫೋನ್ ಮಾಡಿದ್ದರು. ಅವರು ಈಗ ಬೇರೆಯವರ ಗಿರಾಕಿ. ತಪ್ಪು ಗಾಡಿಯದಲ್ಲ, ಕಾಗದದ ನಂಬರ್ ನಂಬಿ ಹೊರಟ ನನ್ನದು.

ಕಾಗದದ ನಂಬರ್‌ನಲ್ಲಿ ಮೂರನೆಯ ಒಂದು ಭಾಗ ತೆಗೆದುಹಾಕಿ. ಉಳಿದದ್ದು ನಿಮ್ಮದು. ಗದಗ ಹೋಗಿ ಬರುವುದೇ 115 ಕಿಲೋಮೀಟರ್‌ ಮೇಲೆ, ಹಾವೇರಿ 150. ದಾರಿಯಲ್ಲಿ ಫಾಸ್ಟ್ ಚಾರ್ಜರ್ ಕಂಡರೂ ನಿಮ್ಮ ಗಾಡಿಗೆ ಅದು ಹೊಂದುತ್ತದೋ ಇಲ್ಲವೋ ಮೊದಲು ನೋಡಿ. ಕಾರಿನ ಚಾರ್ಜಿಂಗ್ ಗನ್ ಎಲ್ಲ ಸಣ್ಣ ಗೂಡ್ಸ್ ಗಾಡಿಗೂ ಹೊಂದುವುದಿಲ್ಲ. ಇನ್ನೊಂದು ಮಾತು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಲೋಡ್ ಹೇರಿಕೊಂಡು ಹೋಗುವಾಗ ಜಾಸ್ತಿ ತಿನ್ನುತ್ತದೆ, ಖಾಲಿ ಬರುವಾಗ ಸ್ವಲ್ಪ ಮರಳಿಸುತ್ತದೆ. ಮೊದಲ ವಾರ ಹುಡುಗರು ಧಾರವಾಡ ಮುಟ್ಟಿದ ಕೂಡಲೇ ಗಾಬರಿಯಿಂದ ಫೋನ್ ಮಾಡುತ್ತಾರೆ. ಬೈಯಬೇಡಿ.

ಚಾರ್ಜಿಂಗ್‌ಗೆ ಬೇರೆ ಮೀಟರ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬೇಕಿಲ್ಲ. ಈಗಿರುವ ಕನೆಕ್ಷನ್‌ನಲ್ಲೇ ಸ್ವಂತ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ನಿಮ್ಮ ಗೋದಾಮಿನ ಸ್ಯಾಂಕ್ಷನ್ಡ್ ಲೋಡ್ (ಮಂಜೂರಾದ ಕರೆಂಟಿನ ಮಿತಿ) ಎಷ್ಟಿದೆ ನೋಡಿ. ಒಂದು ಗಾಡಿ ಅಂದರೆ ರಾತ್ರಿಯಿಡೀ ಎರಡು ಸ್ಪ್ಲಿಟ್ ಎಸಿ ಬಿಡದೆ ಓಡಿದಷ್ಟು ಲೋಡ್. ಚಾರ್ಜಿಂಗ್‌ಗೆ ಪ್ರತ್ಯೇಕ ದರದ ಕನೆಕ್ಷನ್ ಕೂಡ ಇದೆ. ಎರಡು ಮೂರು ಗಾಡಿ ಆದ ಮೇಲೆ ನವನಗರದ ಹೆಸ್ಕಾಂ ಕಚೇರಿಗೆ ಹೋಗಿ ಎರಡೂ ದರ ಹೋಲಿಸಿ ನೋಡಿ. ವೈರಿಂಗ್, ಅರ್ಥಿಂಗ್ ಬಗ್ಗೆ ನಿಮಗೆ ನಾನು ಹೇಳುವುದು ಏನಿದೆ? ಗಿರಾಕಿಯ ಮನೆಯಲ್ಲಿ ಅರ್ಥಿಂಗ್ ಇಲ್ಲ ಅಂತ ಬೈಯುವವರು ನಾವೇ. ನಮ್ಮ ಗೋದಾಮಿನ ಅರ್ಥ್ ಪಿಟ್‌ಗೆ ನೀರು ಹಾಕಿ ಎಷ್ಟು ವರ್ಷ ಆಯಿತು ಅಂತ ಕೇಳಬೇಡಿ.

ಚಾರ್ಜ್ ರಾತ್ರಿಯೇ ಮುಗಿಯಬೇಕು. ನಿಮ್ಮ ಸೀಜನ್ ಮಾರ್ಚ್‌ನಿಂದ ಮೇ. ಆಗಲೇ ಗಾಡಿ ಅತಿ ಹೆಚ್ಚು ಓಡುವುದು, ಆಗಲೇ ಗುಡುಗು ಮಳೆ ಬಂದು ಕರೆಂಟ್ ಹೋಗುವುದು. ಬೆಳಿಗ್ಗೆ ಶೇ 40 ಇಟ್ಟುಕೊಂಡು ಹೊರಟರೆ ಹತ್ತು ಕಂಪ್ಲೇಂಟ್‌ನಲ್ಲಿ ಆರು ಮುಗಿಯುತ್ತವೆ.

ಗಾಡಿಯ ಬ್ಯಾಟರಿಯಿಂದಲೇ ಸೈಟ್‌ನಲ್ಲಿ ವ್ಯಾಕ್ಯೂಮ್ ಪಂಪ್ ಓಡಿಸುತ್ತೇವೆ ಅಂತ ಹುಡುಗರು ಹೊರಟರೆ ಅಲ್ಲಿಯೇ ತಡೆಯಿರಿ. ಹೊರಗೆ ಕರೆಂಟ್ ಕೊಡುವ ಸಾಕೆಟ್ ಕಂಪನಿಯೇ ಇಟ್ಟಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಮುಟ್ಟಬಾರದು. ವಾರಂಟಿ ಹೋಗುವುದು ಸಣ್ಣ ವಿಷಯ, ಜೀವ ದೊಡ್ಡದು.

ಶೋರೂಮಿನಲ್ಲಿ ಹೇಳುವ ಲಾಭಗಳನ್ನೂ ಒಮ್ಮೆ ಜರಡಿ ಹಿಡಿಯೋಣ. ‘ಎಲೆಕ್ಟ್ರಿಕ್ ಗಾಡಿಗೆ ಪರ್ಮಿಟ್ ಬೇಡ’ ಅನ್ನುತ್ತಾರೆ. 2018ರಿಂದ ಬೇಡ, ಹೌದು. ಆದರೆ ಒಟ್ಟು ತೂಕ 3,000 ಕಿಲೋ ಮೀರದ ಯಾವ ಗೂಡ್ಸ್ ಗಾಡಿಗೂ ಪರ್ಮಿಟ್ ಬೇಡ, ಡೀಸೆಲ್ ಆದರೂ ಅಷ್ಟೇ. ನಿಮಗೆ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. ‘ಜಿಎಸ್‌ಟಿ ಶೇ 5 ಮಾತ್ರ’ ಅನ್ನುತ್ತಾರೆ. ಅದೂ ನಿಜ, 2019ರ ಆಗಸ್ಟ್‌ನಿಂದ. ಡೀಸೆಲ್ ಗೂಡ್ಸ್ ಗಾಡಿಗೆ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ನೀವು ಜಿಎಸ್‌ಟಿ ಬಿಲ್ ಹಾಕುವ ಕಾಂಟ್ರ್ಯಾಕ್ಟರ್ ಆಗಿದ್ದರೆ ಗೂಡ್ಸ್ ಗಾಡಿಯ ಮೇಲೆ ಕಟ್ಟಿದ ತೆರಿಗೆ ಎರಡರಲ್ಲೂ ಇನ್‌ಪುಟ್ ಆಗಿ ವಾಪಸ್ ಸಿಗುತ್ತದೆ. ಹಾಗಾಗಿ ತೆರಿಗೆ ಬಿಟ್ಟು ಬೆಲೆ ಹೋಲಿಸಿ. ಇನ್‌ಪುಟ್ ವಾಪಸ್ ಸಿಗದ ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದರೆ ಮಾತ್ರ ಆ ವ್ಯತ್ಯಾಸ ನಿಮ್ಮ ಜೇಬಿಗೆ ತಾಗುತ್ತದೆ. ಕೇಂದ್ರದ ಪಿಎಂ ಇ-ಡ್ರೈವ್ ಸಬ್ಸಿಡಿಯ ಮಾತೂ ಬರುತ್ತದೆ. ಅದರ ಪಟ್ಟಿಯಲ್ಲಿ ಟ್ರಕ್ ಅಂದರೆ 3.5 ಟನ್‌ಗಿಂತ ಮೇಲಿನದು. ನಿಮ್ಮ ಅಳತೆಯ ನಾಲ್ಕು ಚಕ್ರದ ಗಾಡಿ ಅದರಲ್ಲಿ ಇಲ್ಲ. ನಿಜವಾಗಿ ಸಿಗುವುದು ಸಣ್ಣ ಸಣ್ಣದು: ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ಶೇ 15 ರಿಯಾಯಿತಿ, ಆರ್‌ಸಿ ಶುಲ್ಕ ಇಲ್ಲ. ರಸ್ತೆ ತೆರಿಗೆಯನ್ನು ಕೊಟೇಶನ್ ಬರೆಸುವ ದಿನವೇ ಆರ್‌ಟಿಒದಲ್ಲಿ ಕೇಳಿ. ಅಕ್ಕಪಕ್ಕದವರು ಹೋದ ವರ್ಷ ಕಟ್ಟಿದ್ದು ಈ ವರ್ಷಕ್ಕೆ ಲೆಕ್ಕವಲ್ಲ.

ಆರು ಬೈಕ್‌ಗಳ ಬಗ್ಗೆ ನೀವು ಕೇಳಿಲ್ಲ. ನನಗೆ ಅಲ್ಲೇ ಬೇಗ ಲಾಭ ಕಾಣುತ್ತದೆ. ಸರ್ವಿಸ್ ಹುಡುಗ ದಿನಕ್ಕೆ 40-50 ಕಿಲೋಮೀಟರ್ ಸುತ್ತುತ್ತಾನೆ, ಟೂಲ್ ಬ್ಯಾಗ್ ಇಪ್ಪತ್ತು ಕಿಲೋ ದಾಟುವುದಿಲ್ಲ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಅದು ನೀರು ಕುಡಿದಂತೆ. ಒಂದು ಎಚ್ಚರ. ಸ್ಕೂಟರ್‌ನ ಕಾಲಿಡುವ ಜಾಗ ಸಪಾಟಾಗಿರುತ್ತದೆ, ಗ್ಯಾಸ್ ಸಿಲಿಂಡರ್ ಇಡಲು ಕೈ ತುರಿಸುತ್ತದೆ. ಗ್ಯಾಸ್ ಸಿಲಿಂಡರ್ ನಿಯಮದ ಪ್ರಕಾರ ತುಂಬಿದ ಸಿಲಿಂಡರನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಂತಿಲ್ಲ. ನಮ್ಮೂರಲ್ಲಿ ಯಾರೂ ಪಾಲಿಸುವುದಿಲ್ಲ, ಗೊತ್ತು. ನಾನೂ ವರ್ಷಗಟ್ಟಲೆ ಎರಡು ಕಾಲಿನ ನಡುವೆ ಇಟ್ಟುಕೊಂಡೇ ಓಡಾಡಿದವನು. ಈಗ ಆರ್-32 ಬಂದಿದೆ, ಆ ಕಾಲ ಮುಗಿಯಿತು. ಸಿಲಿಂಡರ್ ಗೂಡ್ಸ್ ಗಾಡಿಯಲ್ಲೇ ಹೋಗಲಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಡಬ್ಬಾ ಮುಚ್ಚಿದ ಗಾಡಿ ಆದರೆ ಕೆಳಗಡೆ ಗಾಳಿ ಆಡುವ ಕಿಂಡಿ ಇರಲಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ.

ಧಾರವಾಡದ ಎಎಂಸಿ ಕೆಲಸಕ್ಕೆ ಇನ್ನೂ ಸೋವಿ ದಾರಿ ಇದೆ. ಒಂದು ಸೆಟ್ ಟೂಲ್, ಗೇಜ್, ವ್ಯಾಕ್ಯೂಮ್ ಪಂಪನ್ನು ಧಾರವಾಡದಲ್ಲೇ ಒಂದು ಸಣ್ಣ ಮಳಿಗೆಯಲ್ಲಿ ಇಟ್ಟುಬಿಡಿ. ಹುಡುಗ ಹುಬ್ಬಳ್ಳಿಯ ಹೊಸೂರಿನಲ್ಲಿ ಧಾರವಾಡದ ಚಿಗರಿ ಬಸ್ ಹತ್ತಲಿ. ಎಸಿ ಬಸ್ಸಿನಲ್ಲಿ ತಣ್ಣಗೆ ಹೋಗಿ ಎಸಿ ರಿಪೇರಿ ಮಾಡಿ ತಣ್ಣಗೆ ವಾಪಸ್ ಬರುತ್ತಾನೆ. ಒಂದು ಗಾಡಿಯ ಅರ್ಧ ಓಡಾಟ ಉಳಿಯಿತು, ಡೀಸೆಲ್ಲೂ ಇಲ್ಲ, ಬ್ಯಾಟರಿಯೂ ಇಲ್ಲ.

ಕೊನೆಯದಾಗಿ, ಗಾಡಿ ಕೊಳ್ಳುವುದಕ್ಕಿಂತ ಗಾಡಿ ಮೇಲೆ ಕೆಲಸ ಮಾಡುವ ಕಡೆ ನೋಡಿ. ಇದು ನಿಮ್ಮ ಪ್ರಶ್ನೆಯ ಹೊರಗಿನದು, ಆದರೂ ಹೇಳಿಬಿಡುತ್ತೇನೆ. 2025ರ ಅಕ್ಟೋಬರ್ 1ರ ನಂತರ ತಯಾರಾದ 3.5 ಟನ್ ಮೇಲಿನ ಟ್ರಕ್‌ಗಳಿಗೆಲ್ಲ ಡ್ರೈವರ್ ಕ್ಯಾಬಿನ್‌ನಲ್ಲಿ ಎಸಿ ಕಡ್ಡಾಯ. ಹುಬ್ಬಳ್ಳಿ ಲಾರಿಗಳ ಊರು. ಗಬ್ಬೂರು ಬೈಪಾಸ್‌ನಲ್ಲಿ ರಾತ್ರಿ ನಿಲ್ಲುವ ಲಾರಿ ಲೆಕ್ಕ ಹಾಕಿ, ವಾರಂಟಿ ಮುಗಿದ ಮೇಲೆ ಇವೆಲ್ಲ ಎಲ್ಲಿಗೆ ಹೋಗಬೇಕು? ಎಲೆಕ್ಟ್ರಿಕ್ ಗಾಡಿಗಳಲ್ಲಂತೂ ಎಸಿಯ ಕಂಪ್ರೆಸರ್‌ಗೆ ಬೆಲ್ಟ್ ಇರುವುದಿಲ್ಲ, ಅದು ಕರೆಂಟಿನ ಮೇಲೇ ಓಡುತ್ತದೆ. ಎಷ್ಟೋ ಗಾಡಿಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡುವುದೂ ಅದೇ ಎಸಿ. ಇನ್ವರ್ಟರ್ ಎಸಿ ಬಿಚ್ಚಿ ಪಳಗಿದ ನಿಮ್ಮ ಹುಡುಗರಿಗೆ ಇದು ಅರ್ಧ ಗೊತ್ತಿರುವ ಕೆಲಸ. ಬೆಲ್ಟ್ ಕಂಪ್ರೆಸರ್ ಮಾಡುವ ಗ್ಯಾರೇಜಿನವನಿಗೆ ಹೊಸದು.

ಆದರೆ ಉಳಿದರ್ಧ ಕಲಿಯದೆ ಕೈ ಹಾಕಿಸಬೇಡಿ. ಕಿತ್ತಳೆ ಬಣ್ಣದ ಕೇಬಲ್ ಅಂದರೆ ನೂರಾರು ವೋಲ್ಟ್ ಡಿಸಿ. ಕನೆಕ್ಷನ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಇಳಿಯುವವರೆಗೆ ಕಾಯಬೇಕು. ಎಷ್ಟು ನಿಮಿಷ ಅಂತ ಆಯಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಇನ್ಸುಲೇಟೆಡ್ ಗ್ಲೌಸ್, ತರಬೇತಿ ಎರಡೂ ಬೇಕು. ಇನ್ನೊಂದು ಎಣ್ಣೆಯ ವಿಷಯ. ಬೆಲ್ಟ್ ಕಂಪ್ರೆಸರ್‌ನ ಕಾರುಗಳಿಗೆ ಪಿಎಜಿ ಎಣ್ಣೆ ಹಾಕುತ್ತೇವೆ. ಎಲೆಕ್ಟ್ರಿಕ್ ಕಂಪ್ರೆಸರ್‌ನಲ್ಲಿ ಮೋಟಾರ್ ವೈಂಡಿಂಗ್ ಎಣ್ಣೆಯಲ್ಲೇ ಮುಳುಗಿರುತ್ತದೆ, ಅದಕ್ಕೆ ಕರೆಂಟ್ ಹರಿಯಗೊಡದ ಪಿಒಇ ಎಣ್ಣೆ ಬೇಕು. ಹಳೆಯ ಕಾರಿಗೆ ಹಾಕಿದ ಅದೇ ಹೋಸ್, ಅದೇ ಗೇಜ್ ತಂದು ಜೋಡಿಸಿದರೆ ಅದರಲ್ಲಿ ಉಳಿದ ಒಂದಿಷ್ಟು ಪಿಎಜಿ ಒಳಗೆ ಸೇರಿಬಿಡುತ್ತದೆ. ಇನ್ಸುಲೇಷನ್ ಕುಸಿದು ಗಾಡಿ ‘ಫಾಲ್ಟ್’ ಅಂತ ನಿಂತುಬಿಡಬಹುದು. ಕಂಪ್ರೆಸರ್ ಬೆಲೆ ನಿಮ್ಮ ತಲೆಗೆ ಕಟ್ಟುತ್ತಾರೆ. ಹಾಗಾಗಿ ಆ ಕೆಲಸಕ್ಕೆ ಬೇರೆಯೇ ಒಂದು ಸೆಟ್ ಹೋಸ್ ಇಡಿ, ಮೇಲೆ ಕಿತ್ತಳೆ ಟೇಪ್ ಸುತ್ತಿ. ಎಣ್ಣೆ ಡಬ್ಬಿಯನ್ನೂ ಬೇರೆ ಕಪಾಟಿನಲ್ಲಿ ಇಡಿ.

ಬೇಲೂರಿನ ಫಾರ್ಮ್‌ನ ಗ್ಯಾಸ್ ಕಾಲಂ ತುಂಬುವಾಗ ಅನುಮಾನ ಬಂದರೆ ನಾಲ್ಕೂ ಗಾಡಿಯ ಒಂದು ತಿಂಗಳ ಮೀಟರ್ ಲೆಕ್ಕದ ಜೊತೆ ಮತ್ತೆ ಬರೆಯಿರಿ. ಆಗ ಎರಡನೆಯ ಗಾಡಿಯ ಬಗ್ಗೆಯೂ ಹೇಳುತ್ತೇನೆ. ಬೇಲೂರಿಗೆ ದಿನಕ್ಕೆ ಒಂದೇ ಸಲ ಹೋಗುತ್ತದಾ, ಎರಡು ಸಲ ಹೋಗುತ್ತದಾ ಅನ್ನುವುದನ್ನು ಮರೆಯದೆ ಬರೆಯಿರಿ.